ಯುದ್ಧದ ದಿನಗಳ ಕುರ್ದಿಶ್ ಪತ್ರಿಕೆ ರೊನಾಹಿ

1942ರ ಏಪ್ರಿಲ್‌ನಲ್ಲಿ ಡಮಾಸ್ಕಸ್‌ನಿಂದ ರೊನಾಹಿ ಅನ್ನೋ ಸಚಿತ್ರ ಪತ್ರಿಕೆ ಹೊರಬಂತು. ಟರ್ಕಿ, ಸಿರಿಯಾ, ಇರಾಕ್, ಇರಾನ್‌ಗಳಲ್ಲಿ ಹರಡಿರುವ ಕುರ್ದ್ ಜನರ ಕುರ್ದಿಶ್ ಭಾಷೆಯದ್ದು. ಆಗ ಪಕ್ಕದ ಟರ್ಕಿಯಲ್ಲಿ ಕುರ್ದಿಶ್ ಅಚ್ಚು ಹಾಕೋದೇ ನಿಷೇಧ. ಹಾಗಿರುವಾಗ ಸಿರಿಯಾದಲ್ಲಿ ಇದಕ್ಕೆ ಅವಕಾಶ ಸಿಕ್ಕಿದ್ದು ಹೇಗೆ?

ಎರಡನೇ ಮಹಾಯುದ್ಧದ ದೆಸೆಯಿಂದ. 1941ರಲ್ಲಿ ಬ್ರಿಟಿಷರೂ ಜರ್ಮನಿಗೆ ಮಣಿಯದ ದ ಗಾಲ್ ಬಣದ ಫ್ರೆಂಚರೂ ಸೇರಿ ಸಿರಿಯಾ, ಲೆಬನಾನ್‌ಗಳನ್ನು ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಕೈಯಿಂದ ಕಿತ್ತುಕೊಂಡರು. ಬರ್ಲಿನ್ ರೇಡಿಯೊ ಅರಬ್ಬಿಯಲ್ಲಿ ಜೋರಾಗಿ ಪ್ರಚಾರ ಮಾಡ್ತಿದ್ದ ಕಾಲ ಅದು. ಬ್ರಿಟಿಷರಿಗೂ ಈ ಫ್ರೆಂಚರಿಗೂ ಜನರ ಜೊತೆ ಅವರದೇ ಮಾತಿನಲ್ಲಿ ಮಾತಾಡಬೇಕಿತ್ತು. ಕುರ್ದರ ಮೇಲಿನ ಪ್ರೀತಿಗಿಂತ ಈ ಲೆಕ್ಕಾಚಾರವೇ ಜಾಸ್ತಿ ಕೆಲಸ ಮಾಡಿತು ಅನ್ನೋದು ನನ್ನ ಅಭಿಪ್ರಾಯ.

ಸಂಪಾದಕ ಜೆಲಾದೆತ್ ಅಲಿ ಬೆದಿರ್‌ಖಾನ್ ಮಾತ್ರ ಪ್ರಚಾರಕ್ಕೆಂದು ಬಂದವರಲ್ಲ. ಬೋತಾನ್ ಅನ್ನೋ ಹಳೆಯ ಕುರ್ದಿಶ್ ಸಂಸ್ಥಾನದ ಅರಸು ಮನೆತನದವರು, ಟರ್ಕಿ ಬಿಟ್ಟು ಬಂದವರು. 1932ರ ಮೇ 15ರಂದೇ ಹಾವಾರ್ ಅನ್ನೋ ಪತ್ರಿಕೆ ಶುರು ಮಾಡಿದ್ದರು. ಅದರ ಮೊದಲ 23 ಸಂಚಿಕೆಗಳಲ್ಲಿ ಅರಬ್ಬಿ ಲಿಪಿಯೂ ಇತ್ತು, ಕುರ್ದಿಶ್‌ನ ಒಂದು ಮುಖ್ಯ ಉಪಭಾಷೆಯಾದ ಕುರ್ಮಾಂಜಿ ನುಡಿಗೆಂದು ಅವರೇ ಹೊಂದಿಸಿದ ಲ್ಯಾಟಿನ್ ಅಕ್ಷರಮಾಲೆಯೂ ಇತ್ತು. 24ನೆಯದರಿಂದ ಬರೀ ಲ್ಯಾಟಿನ್. ಓದುಗರಿಗೆ ಹೊಸ ಅಕ್ಷರ ರೂಢಿಯಾಗಲಿ ಅಂತ ಇಷ್ಟು ಸಮಯ ಕೊಟ್ಟಿದ್ದು ಜಾಣತನವೇ, ಅಲ್ವಾ? 1935ರಲ್ಲಿ ನಿಂತ ಹಾವಾರ್ 1941ರಲ್ಲಿ ಮತ್ತೆ ಶುರುವಾಯಿತು, ಅದರ ಪುರವಣಿಯಾಗಿ ಬಂದದ್ದೇ ರೊನಾಹಿ.

ಹಾವಾರ್‌ನಲ್ಲಿ ಕವಿತೆ, ವ್ಯಾಕರಣ, ಜನಪದ ಕಥೆ. ರೊನಾಹಿಯಲ್ಲಿ ಯುದ್ಧದ ಸುದ್ದಿ, ಚಿತ್ರ. ಅದೂ ಮಿತ್ರಪಕ್ಷದ ಕಣ್ಣಿಂದ ನೋಡಿದ ಸುದ್ದಿ, ಅದನ್ನು ಮುಚ್ಚಿಡೋದು ಬೇಡ. ಆದರೆ ಟ್ಯಾಂಕು, ವಿಮಾನ, ಮಹಾಯುದ್ಧದ ಬಗ್ಗೆ ಬರೆಯಬೇಕಾದಾಗ ಹಳ್ಳಿಗಾಡಿನ ಮಾತು ಅಂತ ಮೂಲೆಗೆ ಸರಿಸಿದ್ದ ಭಾಷೆ ಜಗತ್ತಿನ ಸುದ್ದಿ ಹೇಳೋದನ್ನೂ ಕಲಿಯಿತು. 1943ರಲ್ಲಿ ಬೈರೂತ್‌ನಿಂದ ಜೆಲಾದೆತ್ ಅವರ ತಮ್ಮ ಕಾಮುರಾನ್ ರೋಝಾ ನೂ ಪತ್ರಿಕೆ ಶುರು ಮಾಡಿದರು, ರೇಡಿಯೊದಲ್ಲೂ ಕುರ್ದಿಶ್ ಕಾರ್ಯಕ್ರಮ ನಡೆಸಿದರು.

ಆಮೇಲೆ ಒಂದೊಂದೇ ನಿಂತವು. ಹಾವಾರ್ 1943ರಲ್ಲಿ, ರೊನಾಹಿ 28 ಸಂಚಿಕೆ ತಂದು 1945ರಲ್ಲಿ, ರೋಝಾ ನೂ 1946ರಲ್ಲಿ. ಯುದ್ಧ ಮುಗಿಯಿತು, ಫ್ರೆಂಚರು ಹೊರಟರು, ಕುರ್ದಿಶ್ ಪತ್ರಿಕೆ ಯಾರಿಗೂ ಬೇಡವಾಯಿತು.

ಅಕ್ಷರಮಾಲೆ ಮಾತ್ರ ಉಳಿಯಿತು. ಇವತ್ತು ಟರ್ಕಿ, ಸಿರಿಯಾದ ಕುರ್ದರು ಬರೆಯೋದು ಅದರಲ್ಲೇ. ಅದರಲ್ಲಿರುವ, ಟರ್ಕಿಶ್ ಲಿಪಿಯಲ್ಲಿಲ್ಲದ ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರ ಬಳಸಿದರು ಅಂತ ಟರ್ಕಿಯಲ್ಲಿ ಜನರ ಮೇಲೆ ಕೇಸು ಹಾಕಿದ್ದೂ ಉಂಟು. ಆ ನಿರ್ಬಂಧ ಸಡಿಲವಾಗಿದ್ದು 2013ರಲ್ಲಿ.