ಮಕ್ಕಳೊಂದಿಗೆ ಚಾರಣ: ಊರಿಗಿಂತ ಮೊದಲು ನೀರು ನೋಡಿ

ಶಿವರಾತ್ರಿ ಹತ್ತಿರವಾದಂತೆ ಬೆಳಗಾವಿಯ ತಂದೆತಾಯಂದಿರಿಂದ ನನಗೆ ಬರುವ ಪ್ರಶ್ನೆ ಒಂದೇ: ‘ಸರ್, ಮಗನಿಗೆ ಎಂಟು ವರ್ಷ. ಚೀಲ ಹೊತ್ತು ನಡೆದು, ಒಂದು ರಾತ್ರಿ ಉಳಿದು ಬರುವಂಥ ಜಾಗ ಯಾವುದು?’ ಮಕ್ಕಳ ಚಾರಣ ನಡೆಸುವುದೇ ನನ್ನ ವೃತ್ತಿ. ಆದರೂ ಜಾಗದ ಹೆಸರು ಹೇಳುವ ಮೊದಲು ಯಾವ ವಾರ ಹೊರಡುತ್ತೀರಿ ಎಂದು ಕೇಳುತ್ತೇನೆ. ನಮ್ಮ ಕಡೆ ವಸಂತ ಬಲು ಗಿಡ್ಡ. ಮುತ್ತುಗ ಹೂಬಿಡುವ ಫೆಬ್ರುವರಿಯಲ್ಲಿ ಬೆಳಗಿನ ತಂಪು ಇನ್ನೂ ಉಳಿದಿರುತ್ತದೆ. ಏಪ್ರಿಲ್‌ನಲ್ಲಿ ಬಾಗಲಕೋಟೆ, ವಿಜಯಪುರಗಳ ಬಿಸಿಲು 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಶಾಲೆಗೆ ಬೇಸಿಗೆ ರಜೆ ಸಿಗುವುದೂ ಆಗಲೇ. ಬಯಲುಸೀಮೆಗೆ ಹೋಗುವುದಾದರೆ ರಜೆಗೆ ಕಾಯಬೇಡಿ, ಪರೀಕ್ಷೆಗೆ ಮುಂಚಿನ ಒಂದು ಶನಿವಾರ, ಭಾನುವಾರ ಸಾಕು.

ಜಾಗ ಆರಿಸುವಾಗ ನಾನು ನೋಡುವುದು ಮೂರನ್ನು: ನೀರು ಎಲ್ಲಿದೆ, ನೆರಳು ಎಲ್ಲಿದೆ, ಮಗು ಸೋತರೆ ವಾಹನ ಎಲ್ಲಿಯವರೆಗೆ ಬರುತ್ತದೆ. ನೋಟದ ಸೊಬಗು ಇವುಗಳ ನಂತರದ್ದು. ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು, ಬೆವರುವುದು ದೊಡ್ಡವರಿಗಿಂತ ಕಡಿಮೆ. ಹಾಗಾಗಿ ಬಿಸಿಲಿಗೆ ಅವರ ಮೈ ಬೇಗ ಬಿಸಿಯಾಗುತ್ತದೆ. ಆಟದ ಗುಂಗಿನಲ್ಲಿರುವ ಮಗು ಬಾಯಾರಿಕೆ ಎಂದು ಹೇಳುವುದೂ ಇಲ್ಲ. ಅರ್ಧ ಗಂಟೆಗೊಮ್ಮೆ ನೀವಾಗಿಯೇ ನಿಲ್ಲಿಸಿ ಕುಡಿಸಬೇಕು.

ಈ ಮೂರೂ ಕೂಡಿಬರುವ ದಾರಿಯೆಂದರೆ ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹಾದುಹೋಗುವ ಹಳೆಯ ಕಾಲುದಾರಿ. ನನಗೆ ಬಹಳ ಪ್ರಿಯವಾದ ದಾರಿ ಇದು. ಸುಮಾರು ಐದು ಕಿಲೋಮೀಟರ್. ಏಳು, ಎಂಟು ವರ್ಷದ ಮಕ್ಕಳು ಬೆಳಗಿನ ಹೊತ್ತಿನಲ್ಲಿ ನಗುತ್ತಲೇ ಮುಗಿಸುತ್ತಾರೆ. ದಾರಿಯ ಕೊನೆಗೆ ಸಿಗುವುದು ಬುಗ್ಗೆಯ ನೀರು ತುಂಬಿದ ಪುಷ್ಕರಣಿ, ಅದರ ಸುತ್ತ ದೇವಾಲಯಗಳು, ದೊಡ್ಡ ಮರಗಳ ನೆರಳು. ನೀರಿಗೆ ಇಳಿಯುವುದು ಖಚಿತವಾಗಿದ್ದರೆ ಮಗುವಿನ ಕಾಲು ತಾನಾಗಿಯೇ ಮುಂದೆ ಹೋಗುತ್ತದೆ. ಮಹಾಕೂಟಕ್ಕೆ ರಸ್ತೆಯೂ ಇರುವುದರಿಂದ ಮರಳಿ ನಡೆಯುವ ಹಟ ಬೇಡ, ಆಟೊ ಹಿಡಿಯಿರಿ. ರಾತ್ರಿ ಬಾದಾಮಿಯ ವಸತಿಗೃಹದಲ್ಲಿ ಉಳಿಯಿರಿ. ಸ್ಮಾರಕಗಳ ಆವರಣದಲ್ಲಿ ಡೇರೆ ಹಾಕುವಂತಿಲ್ಲ. ಮರುದಿನ ಬೆಳಿಗ್ಗೆ ಗುಹೆಗಳನ್ನು ನೋಡಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಓದಲು ಕಲಿತ ಮಗುವಿಗೆ ಅದನ್ನು ತೋರಿಸದೆ ಬರಬೇಡಿ. ನಡೆಯುವ ಉತ್ಸಾಹ ಇನ್ನೂ ಉಳಿದಿದ್ದರೆ ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಕರೆದುಕೊಂಡು ಸಿಡಿಲಫಡಿ ಎಂಬಲ್ಲಿ ಬಂಡೆಯೇ ಸೂರಿನಂತಿರುವ ಕಲ್ಲಾಸರೆಗೆ ಹೋಗಿಬರಬಹುದು.

ಇಲ್ಲಿ ಎಚ್ಚರ ಬೇಕಾದದ್ದು ಮರಳುಗಲ್ಲಿನ ಬಗ್ಗೆ. ಹತ್ತು ಗಂಟೆಯ ನಂತರ ಬಂಡೆ ಕಾದು, ಬಿಸಿಲು ಮೇಲಿನಿಂದಲೂ ಕೆಳಗಿನಿಂದಲೂ ಬಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಹೆಜ್ಜೆ ಹಾಕಿದರೆ ಒಂಬತ್ತರೊಳಗೆ ನೆರಳು ಸೇರಬಹುದು. ಮಂಗಗಳು ಕೈಯಲ್ಲಿನ ತಿಂಡಿಯನ್ನು ಕಸಿಯುತ್ತವೆ, ಬುತ್ತಿ ಚೀಲದ ಒಳಗೇ ಇರಲಿ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಂಡರೆ ಕೂಗಾಟ ನಿಲ್ಲಿಸಿ ದೂರದಿಂದಲೇ ದಾಟಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಸಾಕು, ಕೆಡುವುದಿಲ್ಲ. ಜೊತೆಗೆ ಒಂದು ತುಂಡು ಕರದಂಟು.

ಏಪ್ರಿಲ್‌ನಲ್ಲೇ ಹೋಗಬೇಕು ಎನ್ನುವವರಿಗೆ ಪಡುವಣ ದಿಕ್ಕು ಹೇಳುತ್ತೇನೆ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಘಟ್ಟದ ಅಂಚಿನ ಊರು, ಬಯಲಿಗಿಂತ ತಂಪು. ರಸ್ತೆಗೆ ಹೊಂದಿಕೊಂಡೇ ಇದೆ. ಸವದತ್ತಿ, ಬಾದಾಮಿ, ಪಟ್ಟದಕಲ್ಲುಗಳ ಕಡೆ ಹರಿಯುವ ನದಿಯ ಮೂಲವನ್ನು ಮಗು ನೋಡಲಿ ಎಂಬುದು ನನ್ನ ಆಸೆ. ಆದರೆ ಅಲ್ಲಿಂದ ಕಾಡಿನ ಒಳಕ್ಕೆ ಮನಬಂದಂತೆ ನುಗ್ಗಬೇಡಿ. ಹತ್ತಿರದಲ್ಲೇ ಭೀಮಗಡ ವನ್ಯಜೀವಿಧಾಮವಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗೆ ಕಾಲಿಡುವಂತಿಲ್ಲ. ಕರಡಿಗಳ ನಾಡು ಅದು, ಕಾಳ್ಗಿಚ್ಚಿನ ಕಾಲವೂ ಹೌದು. ತಂದೆತಾಯಂದಿರು ಸಾಮಾನ್ಯವಾಗಿ ಯೋಚಿಸದ ಇನ್ನೊಂದು ಅಪಾಯ ಉಣ್ಣಿ. ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಪಶ್ಚಿಮ ಘಟ್ಟದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಮಕ್ಕಳಿಗೆ ಮೈತುಂಬ ಬಟ್ಟೆ ಹಾಕಿ, ಒಣಗಿದ ತರಗೆಲೆಯ ಮೇಲೆ ಕೂರಿಸಬೇಡಿ. ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲಿನ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ.

ಗೋಕಾಕ ಜಲಪಾತವನ್ನು ಮಳೆಗಾಲಕ್ಕೆ ಬಿಡಿ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಸಿಗೆಯಲ್ಲಿ ಹೋದ ಮಕ್ಕಳಿಗೆ ಸಿಗುವುದು ಒಣ ಬಂಡೆ. ವಿಜಯಪುರವೂ ಚಳಿಗಾಲದಲ್ಲೇ ಚೆಂದ.

ಮಗುವಿನ ಚೀಲ ಅದರ ತೂಕದ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಇಪ್ಪತ್ತೈದು ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ: ನೀರಿನ ಬಾಟಲಿ, ಟೋಪಿ, ಒಂದು ಜೊತೆ ಬಟ್ಟೆ, ತಿಂಡಿ. ಉಳಿದದ್ದೆಲ್ಲ ನಿಮ್ಮ ಬೆನ್ನಿಗೆ. ಒಆರ್‌ಎಸ್ ಪೊಟ್ಟಣವೂ ನಿಮ್ಮಲ್ಲಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಕಲಸಬೇಕು, ಅಂದಾಜಿನಲ್ಲಿ ಚಿಟಿಕೆ ಚಿಟಿಕೆ ಹಾಕುವುದು ಸರಿಯಲ್ಲ. ಹೊರಡುವುದಕ್ಕೆ ಒಂದು ವಾರ ಮುಂಚೆ ಅದೇ ಚೀಲ, ಅದೇ ಬೂಟು ಹಾಕಿಸಿ ಬೆಳಗಾವಿಯ ಪಕ್ಕದ ರಾಜಹಂಸಗಡವನ್ನು ಹತ್ತಿಸಿ. ಬೂಟು ಹಿಮ್ಮಡಿ ಕಚ್ಚುತ್ತದೆಯೇ, ಪಟ್ಟಿ ಭುಜ ಒತ್ತುತ್ತದೆಯೇ ಎಂಬುದು ಆ ಬೆಳಿಗ್ಗೆಯೇ ಗೊತ್ತಾಗುತ್ತದೆ, ಬದಲಿಸಲು ಕೈಯಲ್ಲಿ ಇನ್ನೊಂದು ವಾರವೂ ಇರುತ್ತದೆ.