ಸಬಲೀಕರಣ ಅಂದ್ರೆ ಸದರ ಕೊಡೋದಾ?

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನ ಮಾಲೀಕರಿಗೆ ‘ಎಂಪ್ಲಾಯಿ ಎಂಪವರ್‌ಮೆಂಟ್’ ಅಂದರೇನು ಅಂತ ಹೇಳಲು ಹೋಗಿ ಸೋತೆ. ‘ನೌಕರರ ಸಬಲೀಕರಣ’ ಅಂದೆ. ‘ಅಂದ್ರ ಸದರ ಕೊಡಾದೇನ್ರಿ? ಆಮೇಲೆ ತಲಿ ಮ್ಯಾಲೆ ಕುಂದರ್ತಾರ’ ಅಂದರು. ಅವರದೇನೂ ತಪ್ಪಿಲ್ಲ. ಬ್ಯಾನರುಗಳ ಮೇಲೆ ಈ ಪದ ನೋಡಿ ನೋಡಿ ಅದಕ್ಕೊಂದು ಅರ್ಥ ಇದೆ ಅನ್ನೋದೇ ನಮಗೆ ಮರೆತಿದೆ.

ಅರ್ಥ ಇಷ್ಟೆ. ಕೆಲಸ ಕೆಡುತ್ತಿರುವುದು ಯಾರ ಕಣ್ಣಿಗೆ ಬಿತ್ತೋ ಅವರಿಗೆ ಅದನ್ನು ಅಲ್ಲೇ ನಿಲ್ಲಿಸುವ ಹಕ್ಕು ಇರಬೇಕು. ನಿಲ್ಲಿಸಿದ್ದಕ್ಕೆ ಬೈಸಿಕೊಳ್ಳಬಾರದು.

ಅದೇ ಯೂನಿಟ್‌ನಲ್ಲಿ ನಡೆದದ್ದು ಕೇಳಿ. ಡೆನಿಮ್ ಬಟ್ಟೆಯ ಬಣ್ಣ ರೋಲಿನಿಂದ ರೋಲಿಗೆ ಒಂಚೂರು ಬೇರೆ ಇರುತ್ತದೆ. ಅದಕ್ಕೇ ಕಟಿಂಗ್ ಆದ ತುಂಡುಗಳಿಗೆ ನಂಬರ್ ಹಾಕಿ ಬಂಡಲ್ ಕಟ್ಟುತ್ತಾರೆ. ನಂಬರ್ ಅದಲುಬದಲಾದರೆ ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು. ಹೊಲಿಯುವಾಗ ಅಷ್ಟಾಗಿ ಗೊತ್ತಾಗಲ್ಲ, ವಾಷಿಂಗ್ ಆದ ಮೇಲೆ ಎದ್ದು ಕಾಣುತ್ತದೆ. ಆವತ್ತು ಮಷಿನ್ ಮೇಲಿದ್ದ ಹೆಣ್ಣುಮಗಳಿಗೆ ಮೊದಲೇ ಗೊತ್ತಾಯಿತು. ‘ಅಣ್ಣಾ, ಶೇಡ್ ಬ್ಯಾರೆ ಐತಿ ನೋಡ್ರಿ’ ಅಂದರು. ‘ಸುಮ್ನ ಹೊಲಿಯಮ್ಮ, ಸಂಜಿಗೆ ಮಾಲು ಹೋಗಬೇಕು’ ಅಂದ ಮಾಸ್ಟರ್. ಅವರು ಸುಮ್ಮನಾದರು. ಮಾಲು ಸಂಜೆಗೇನೋ ಹೋಯಿತು, ಆಮೇಲೆ ವಾಪಸ್ಸೂ ಬಂತು.

ನಿಲ್ಲಿಸುವ ಈ ವಿಚಾರದ ಬೇರು ಇರುವುದೂ ನೂಲಿನಲ್ಲೇ. ಜಪಾನಿನ ಸಕಿಚಿ ಟೊಯೋಡಾ 1924ರಲ್ಲಿ ಹೊರತಂದ ಮಗ್ಗ ಎಳೆ ಹರಿದ ಕೂಡಲೇ ತಾನಾಗೇ ನಿಲ್ಲುತ್ತಿತ್ತು. ಅವರ ಮಗ ಕಾರು ಕಂಪನಿ ಕಟ್ಟಿದರು, ಅದೇ ಟೊಯೋಟಾ. ಅಲ್ಲಿ ಮಗ್ಗದ ಬುದ್ಧಿ ಮನುಷ್ಯರ ಕೈಗೆ ಬಂತು. ತಪ್ಪು ಕಂಡರೆ ಕೆಲಸಗಾರ ತಲೆ ಮೇಲಿನ ಹಗ್ಗ ಎಳೆಯಬಹುದು. ಎಳೆದ ತಕ್ಷಣ ಎಲ್ಲ ನಿಂತುಬಿಡಲ್ಲ, ಮೊದಲು ಟೀಮ್ ಲೀಡರ್ ಓಡಿಬರುತ್ತಾನೆ. ಕಾರು ಆ ಜಾಗ ದಾಟುವಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ. ಇದರಲ್ಲಿ ಸದರ ಎಲ್ಲಿ ಬಂತು, ಹೇಳಿ.

ನಾಯಕತ್ವ ಅನ್ನೋ ದೊಡ್ಡ ಮಾತಿಗೂ ಇಲ್ಲಿ ಕೆಲಸ ಒಂದೇ, ಓಡಿಬರೋದು. ಬಂದವನು ‘ಏನಾತು?’ ಅಂತ ಕೇಳಿದರೆ ನಾಳೆಯೂ ಹಗ್ಗ ಎಳೆಯುತ್ತಾರೆ. ‘ಯಾರು ಮಾಡಿದ್ದು?’ ಅಂದರೆ ಮುಗೀತು, ಆಮೇಲೆ ಅದು ಬಟ್ಟೆ ಒಣಹಾಕೋಕೆ ಲಾಯಕ್ಕು. ಗುಣಮಟ್ಟದ ವಿಚಾರದಲ್ಲಿ ದೊಡ್ಡ ಹೆಸರಾದ ಡೆಮಿಂಗ್ ಹೇಳಿದ 14 ಸೂತ್ರಗಳಲ್ಲಿ 8ನೆಯದು ಹೆದರಿಕೆ ಓಡಿಸಿ ಅನ್ನೋದೇ. ಗುಣಮಟ್ಟದ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 9000ದ 2015ರ ಆವೃತ್ತಿಯಲ್ಲೂ ಮೊದಲ ಮೂರು ತತ್ವಗಳು ಗ್ರಾಹಕ, ನಾಯಕತ್ವ, ಜನರ ತೊಡಗುವಿಕೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸುವವರು ಇಷ್ಟು ದೂರ ಓದೋದು ಕಮ್ಮಿ ಬಿಡಿ.

ಆದರೆ ಜಪಾನಿನ ಹಗ್ಗ ತಂದು ಇಲ್ಲಿ ಕಟ್ಟಿದರೆ ಆಗಲ್ಲ. ಇಲ್ಲಿನ ಹೊಲಿಗೆ ಪೀಸ್ ಲೆಕ್ಕದ್ದು. ಮಷಿನ್ ನಿಲ್ಲಿಸಿದರೆ ನಿಲ್ಲಿಸಿದವರ ಕೂಲಿಯೇ ಹೋಗುತ್ತದೆ. ಶೇಡ್ ಕಂಡೂ ಕಾಣದ ಹಾಗೆ ಹೊಲಿಯೋದು ಸೋಮಾರಿತನ ಅಲ್ಲ, ಸಂಜೆಯ ಲೆಕ್ಕ. ಮಾಲೀಕರಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಿಲ್ಸಿದ ಹೊತ್ತಿನ ಪೀಸ್ ನಾನ ಬರ್ಕೊಂಡು ಕೊಟ್ರ ಆತು. ಆದ್ರ ಅರ್ಧ ತಾಸಿಗೆ ಎಷ್ಟ್ ಪೀಸ್ ಹಿಡೀಬೇಕು?’ ಅಂದರು.

ಅದನ್ನ ಆ ಅಮ್ಮನ್ನೇ ಕೇಳಿ ಅಂದೆ.