ಟಿಂಕರ್ ಪರೀಕ್ಷೆ ಎಂದರೇನು?

ಹೆಸರಿನಲ್ಲಿ ಪರೀಕ್ಷೆ ಇದೆ, ಆದರೆ ಇದನ್ನು ಮಕ್ಕಳು ಬರೆಯುವುದಿಲ್ಲ. ಪಾಸಾಗಬೇಕಾದದ್ದು ಶಾಲೆ. ಅಮೆರಿಕದ ಸರ್ಕಾರಿ ಶಾಲೆಯೊಂದು ವಿದ್ಯಾರ್ಥಿಯ ಮಾತನ್ನೋ, ಕರಪತ್ರವನ್ನೋ, ಅಂಗಿಯ ಮೇಲಿನ ಬ್ಯಾಡ್ಜನ್ನೋ ತಡೆದರೆ, ಆ ತಡೆ ಸರಿಯೇ ಎಂದು ನೋಡಲು ಅಲ್ಲಿನ ಕೋರ್ಟುಗಳು ಬಳಸುವ ಅಳತೆಗೋಲು ಇದು.

ಟಿಂಕರ್ ಎನ್ನುವುದು ಒಂದು ಕುಟುಂಬದ ಹೆಸರು. 1965ರ ಡಿಸೆಂಬರ್‌ನಲ್ಲಿ, ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ, ಅಯೋವಾ ರಾಜ್ಯದ ಡೆ ಮೊಯ್ನ್ ನಗರದ ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗೋಣ ಎಂದುಕೊಂಡರು. ಸತ್ತವರಿಗೆ ಶೋಕ, ಕದನವಿರಾಮಕ್ಕೆ ಬೆಂಬಲ, ಇಷ್ಟೇ ಅವರ ಉದ್ದೇಶ. ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಮೊದಲೇ ಬಿತ್ತು. ಅವರು ಸಭೆ ಸೇರಿ, ಪಟ್ಟಿ ತೆಗೆಯಲು ಒಪ್ಪದವರನ್ನು ಸಸ್ಪೆಂಡ್ ಮಾಡುವುದೆಂದು ತೀರ್ಮಾನಿಸಿದರು. 13 ವರ್ಷದ ಮೇರಿ ಬೆತ್ ಟಿಂಕರ್ ಕಟ್ಟಿಕೊಂಡೇ ಹೋದಳು. ಮರುದಿನ ಅವಳ ಅಣ್ಣ ಜಾನ್. ಇಬ್ಬರೂ ಸಸ್ಪೆಂಡ್ ಆದರು.

ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1969ರ ಫೆಬ್ರವರಿ 24ರಂದು 7-2ರ ಬಹುಮತದಲ್ಲಿ ಮಕ್ಕಳು ಗೆದ್ದರು. ವಿದ್ಯಾರ್ಥಿಗಳಾಗಲಿ ಶಿಕ್ಷಕರಾಗಲಿ ಮಾತಿನ ಹಕ್ಕನ್ನು ಶಾಲೆಯ ಗೇಟಿನಲ್ಲೇ ಕಳಚಿಟ್ಟು ಒಳಗೆ ಬರುವುದಿಲ್ಲ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಏಬ್ ಫೋರ್ಟಾಸ್ ತೀರ್ಪಿನಲ್ಲಿ ಬರೆದರು. ಎಲ್ಲರೂ ಎತ್ತಿ ಹೇಳುವುದು ಆ ಸಾಲನ್ನೇ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಅದೇ ಶಾಲೆಗಳಲ್ಲಿ ಚುನಾವಣಾ ಬ್ಯಾಡ್ಜ್ ಹಾಕಿಕೊಂಡವರಿಗೆ ಯಾರೂ ಏನೂ ಅಂದಿರಲಿಲ್ಲ. ನಾಜಿಗಳ ನೆನಪು ತರುವ ಐರನ್ ಕ್ರಾಸ್ ಹಾಕಿದವರೂ ಇದ್ದರು. ತಡೆ ಬಿದ್ದದ್ದು ಕಪ್ಪು ಪಟ್ಟಿಗೆ ಮಾತ್ರ. ಅಂದರೆ ಶಾಲೆಗೆ ಬೇಡವಾಗಿದ್ದು ಗದ್ದಲವಲ್ಲ, ಒಂದು ಅಭಿಪ್ರಾಯ.

ಹಾಗಾದರೆ ಪರೀಕ್ಷೆಯ ಪ್ರಶ್ನೆ ಏನು? ವಿದ್ಯಾರ್ಥಿಯ ಮಾತಿನಿಂದ ಪಾಠಕ್ಕೋ ಶಿಸ್ತಿಗೋ ದೊಡ್ಡ ಮಟ್ಟದ ಅಡ್ಡಿ ಆಯಿತೇ? ಅಥವಾ ಬೇರೆಯವರ ಹಕ್ಕಿಗೆ ಕುಂದು ಬಂತೇ? ಗಲಾಟೆ ಆಗುವ ತನಕ ಶಾಲೆ ಕೈಕಟ್ಟಿ ಕೂರಬೇಕಿಲ್ಲ, ಮುಂಚೆಯೇ ಅಂದಾಜು ಮಾಡಬಹುದು. ಆದರೆ ಅಂದಾಜಿಗೆ ಆಧಾರ ಬೇಕು. 'ಏನಾದರೂ ಆದೀತು' ಎಂಬ ಬರೀ ಭಯ ಸಾಲದು. ಯಾರಿಗೋ ಕಸಿವಿಸಿ ಆಯಿತು ಎಂಬುದೂ ಸಾಲದು.

ಇಲ್ಲೇ ಒಂದು ಸಿಕ್ಕು ಇದೆ. ಗಲಾಟೆ ಮಾಡುವವರು ಮಾತಾಡಿದವರಲ್ಲ, ಕೇಳಿ ಸಿಟ್ಟಾದವರು ಆಗಿದ್ದರೆ? 2010ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನಲ್ಲಿ ಹೀಗೇ ಆಯಿತು. ಮೆಕ್ಸಿಕೊ ಮೂಲದವರು ಸಂಭ್ರಮಿಸುವ ಸಿಂಕೊ ಡೆ ಮಾಯೊ ದಿನ ಕೆಲವು ಹುಡುಗರು ಅಮೆರಿಕದ ಬಾವುಟವಿರುವ ಅಂಗಿ ತೊಟ್ಟು ಬಂದರು. ಹೊಡೆದಾಟ ಆಗಬಹುದೆಂದು ಶಾಲೆಯವರು ಅಂಗಿಯನ್ನು ತಿರುವಿ ಹಾಕಿಕೊಳ್ಳಿ, ಇಲ್ಲವೇ ಮನೆಗೆ ಹೋಗಿ ಎಂದರು. ಹಿಂದೆ ಅಲ್ಲಿ ಜಗಳ ಆಗಿದ್ದರಿಂದ 2014ರಲ್ಲಿ ಮೇಲ್ಮನವಿ ಕೋರ್ಟು ಶಾಲೆಯ ಪರ ನಿಂತಿತು. ಟಿಂಕರ್ ಅಳತೆಯಲ್ಲಿ ಲೆಕ್ಕ ಸರಿ ಇರಬಹುದು. ಆದರೆ ಜೋರು ಮಾಡುವವರಿಗೆ ಇದೊಂದು ದಾರಿ ತೋರಿಸಿಕೊಟ್ಟ ಹಾಗಾಯಿತು, ಅಲ್ವಾ?

ಈ ಪರೀಕ್ಷೆ ಎಲ್ಲ ಮಾತಿಗೂ ಅನ್ವಯಿಸುವುದಿಲ್ಲ. ಅಶ್ಲೀಲ ಭಾಷಣ (1986ರ ತೀರ್ಪು), ಡ್ರಗ್ಸ್‌ಗೆ ಪ್ರೋತ್ಸಾಹ ಎನ್ನುವಂಥ ಬ್ಯಾನರ್ (2007) ಇದರ ಹೊರಗೆ. ಖಾಸಗಿ ಶಾಲೆಗಳೂ ಹೊರಗೆ, ಏಕೆಂದರೆ ಅಮೆರಿಕದ ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು. ಶಾಲೆಯ ಆಚೆ, ರಜೆಯ ದಿನ ಸ್ನ್ಯಾಪ್‌ಚಾಟ್‌ನಲ್ಲಿ ಬೈದ ಹುಡುಗಿಯೊಬ್ಬಳು 2021ರಲ್ಲಿ 8-1ರಿಂದ ಗೆದ್ದಳು. ಶಾಲೆಯ ಕೈ ಅಲ್ಲಿಗೆ ಅಷ್ಟು ಸಲೀಸಾಗಿ ಚಾಚುವುದಿಲ್ಲ ಎಂದಿತು ಕೋರ್ಟು.

ನಿಜವಾದ ಕತ್ತರಿ ಇರುವುದು 1988ರ ಹೇಜಲ್‌ವುಡ್ ತೀರ್ಪಿನಲ್ಲಿ. ಮಿಸ್ಸೂರಿಯ ಒಂದು ಶಾಲೆಯಲ್ಲಿ ಪತ್ರಿಕೋದ್ಯಮ ಕ್ಲಾಸಿನ ಮಕ್ಕಳು ಪತ್ರಿಕೆ ತರುತ್ತಿದ್ದರು. ಒಂದು ಸಂಚಿಕೆಯಲ್ಲಿ ಹದಿಹರೆಯದ ಬಸಿರು, ತಂದೆತಾಯಿಯ ವಿಚ್ಛೇದನ ಕುರಿತ ಲೇಖನಗಳಿದ್ದವು. ಹೆಸರು ಬದಲಿಸಿದ್ದರೂ ಹುಡುಗಿಯರ ಗುರುತು ಸಿಕ್ಕೀತು ಎಂದು ಪ್ರಿನ್ಸಿಪಾಲ್ ಎರಡು ಪುಟಗಳನ್ನೇ ತೆಗೆಸಿದರು. ಕೋರ್ಟು 5-3ರಿಂದ ಅವರ ಪರ ಹೇಳಿತು. ಪತ್ರಿಕೆ ಶಾಲೆಯದೇ ಆದರೆ, ಕಲಿಕೆಗೆ ಸಂಬಂಧಿಸಿದ ಒಂದು ಸಮಂಜಸ ಕಾರಣ ಕೊಟ್ಟರೆ ಸಾಕು. ಗದ್ದಲ ತೋರಿಸಬೇಕಿಲ್ಲ. ಹಾಗಾಗಿ ಹುಡುಗಿಯ ತೋಳಿನ ಪಟ್ಟಿಗೆ ಸಿಗುವ ರಕ್ಷಣೆ ಅವಳು ಶಾಲೆಯ ಪತ್ರಿಕೆಗೆ ಬರೆದ ಲೇಖನಕ್ಕೆ ಸಿಗುವುದಿಲ್ಲ.

ಆದರೆ ರಾಜ್ಯಗಳು ಬೇಕಿದ್ದರೆ ಇದಕ್ಕಿಂತ ಜಾಸ್ತಿ ಹಕ್ಕು ಕೊಡಬಹುದು. ಶಾಲಾ ಪತ್ರಿಕೆಯಲ್ಲಿ ಏನು ಬರಬೇಕು ಎಂಬುದನ್ನು ಹೆಚ್ಚಾಗಿ ವಿದ್ಯಾರ್ಥಿ ಸಂಪಾದಕರಿಗೇ ಬಿಡುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಹೇಜಲ್‌ವುಡ್‌ಗೆ ಮುಂಚೆಯೇ, 1977ರಿಂದಲೂ ಇದೆ. ಅಲ್ಲಿ ಅಚ್ಚಾಗುವ ಲೇಖನ ಇನ್ನೊಂದು ರಾಜ್ಯದಲ್ಲಿ ಪ್ರಿನ್ಸಿಪಾಲರ ಮೇಜಿನ ಮೇಲೇ ಉಳಿದುಬಿಡಬಹುದು.